ವ್ರತಕ್ಕೆ ಎಷ್ಟು ಭಂಗಗಳು?

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ ಶ್ರಾವಕನನ್ನಾಗಲಿ ಶ್ರಾವಿಕೆಯನ್ನಾಗಲಿ ‘ಎಷ್ಟು ವಿಧದಿಂದ ಉಪವಾಸವಿದ್ದೀರಿ?’ ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಕೇಳಿದರೆ ಅವಿನಯವೆಂದೇ ತೋರೀತು. ಆದರೆ ಹೊಸಪೇಟೆಯ ನಮ್ಮ ಬಂಧುಗಳ ಮನೆಯೊಂದರಲ್ಲಿ, ಒಂದು ಚತುರ್ದಶಿಯ ಮಧ್ಯಾಹ್ನ, ಕಾಲೇಜಿನಲ್ಲಿ ಗಣಿತ ಓದುತ್ತಿರುವ ಮೊಮ್ಮಗಳು ತನ್ನ ಅಜ್ಜಿಯನ್ನು ಹೆಚ್ಚುಕಡಮೆ ಇದನ್ನೇ ಕೇಳಿದಳು. ಅಜ್ಜಿಯವರು ಅಂದು ಚತುರ್ವಿಧಾಹಾರವನ್ನೂ ತ್ಯಜಿಸಿ, ಒಲೆಯ ಬಳಿಗೂ ಸುಳಿಯದೆ, ಸ್ವಾಧ್ಯಾಯದಲ್ಲಿ ಕುಳಿತಿದ್ದರು. ಆದರೆ ಕುಳಿತಲ್ಲಿಂದಲೇ ‘ಬೇಳೆ ಬೆಂದಿತೇನಮ್ಮಾ? ಮಕ್ಕಳಿಗೆ ಎರಡು ಹೋಳಿಗೆ ಹೆಚ್ಚಿಗೇ ಮಾಡು’ ಎಂದು ಸೊಸೆಗೆ ಹೇಳುತ್ತಲೂ ಇದ್ದರು. ‘ಅಜ್ಜಿ, ನೀನು ಒಲೆ ಹಚ್ಚಲಿಲ್ಲ, ನಿಜ. ಹಚ್ಚಿಸಿದವಳು ನೀನೇ ಅಲ್ಲವೇ? ಹಾಗಾದರೆ ನೀನು ಬಿಟ್ಟದ್ದು ಎಷ್ಟು, ಉಳಿಸಿಕೊಂಡದ್ದು ಎಷ್ಟು?’ ಎಂದಳು ಹುಡುಗಿ. ಅಜ್ಜಿಯವರು ನಕ್ಕು, ‘ನಿನ್ನ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಸೂತ್ರವಿದ್ದರೆ ತೆಗೆದು ನೋಡು’ ಎಂದರು.

ಮಾತು ನಗುವಿನಲ್ಲಿ ಮುಗಿಯಿತು. ಪ್ರಶ್ನೆ ಮಾತ್ರ ನಗುವಿನದಲ್ಲ. ಪ್ರೋಷಧೋಪವಾಸದ ದಿನ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂದು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಒಲೆ ಹೊತ್ತಿಸುವುದು, ನೀರು ಸೇದುವುದು, ಬೀಸುವುದು, ಕುಟ್ಟುವುದು ಮೊದಲಾಗಿ ಜೀವಬಾಧೆಗೆ ಕಾರಣವಾಗುವ ಗೃಹಕೃತ್ಯಗಳೆಲ್ಲ ಆರಂಭವೇ. ‘ನಾನು ಮಾಡುವುದಿಲ್ಲ’ ಎಂದವರು ಮಾಡಿಸಬಹುದೇ? ‘ಮಾಡಿಸುವುದೂ ಇಲ್ಲ’ ಎಂದವರು, ಅನ್ಯರು ಮಾಡಿದ್ದನ್ನು ಕಂಡು ಒಳಗೊಳಗೇ ಸಂತೋಷಪಡಬಹುದೇ? ಇಷ್ಟನ್ನು ಬಿಟ್ಟೆನು, ಇಷ್ಟನ್ನು ಬಿಡಲಾರೆನು ಎಂಬ ಅರೆತ್ಯಾಗವು ನಿಜವಾದ ತ್ಯಾಗವೇ, ಅಥವಾ ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ನೆಪವೇ? ಗೃಹಸ್ಥರಾದ ನಮ್ಮೆಲ್ಲರ ವ್ರತಗಳೂ ಅರೆತ್ಯಾಗಗಳೇ ಆಗಿರುವುದರಿಂದ, ಈ ಜಿಜ್ಞಾಸೆಯಿಂದ ತಪ್ಪಿಸಿಕೊಳ್ಳುವ ಅವಕಾಶ ನಮ್ಮಲ್ಲಿ ಯಾರಿಗೂ ಇಲ್ಲ. ವಿಶೇಷವೇನೆಂದರೆ, ಅಜ್ಜಿಯವರು ಹಾಸ್ಯಕ್ಕೆಂದು ಕೇಳಿದ ಸೂತ್ರವು ನಮ್ಮ ಶಾಸ್ತ್ರಗಳಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ. ಅದನ್ನು ತಿಳಿಯಲು ಎಣಿಕೆಯ ಕೆಲವು ಮೊದಲ ಪಾಠಗಳು ಬೇಕು. ಗಣಿತವೆಂದರೆ ಹೆದರುವವರೂ ಇಷ್ಟನ್ನು ಅಡುಗೆಮನೆಯ ಲೆಕ್ಕದಂತೆ ಗ್ರಹಿಸಬಲ್ಲರು.

ಹೊಸಪೇಟೆಯಿಂದ ಹಂಪೆಗೆ ಹೋಗಲು ಕಡ್ಡಿರಾಂಪುರದ ಕಡೆಯಿಂದ ಒಂದು ದಾರಿ, ಕಮಲಾಪುರದ ಕಡೆಯಿಂದ ಇನ್ನೊಂದು ದಾರಿ ಉಂಟು. ಸಂಡೂರಿಗೆ ಒಂದೇ ದಾರಿ ಎಂದಿಟ್ಟುಕೊಳ್ಳೋಣ. ಇಂದು ಹಂಪೆಗೋ ಸಂಡೂರಿಗೋ ಯಾವುದಾದರೂ ಒಂದು ಕಡೆಗೆ ಹೊರಡುವವನಿಗೆ ಇರುವ ದಾರಿಗಳು ೨ + ೧ = ೩. ‘ಇದು ಅಥವಾ ಅದು’ ಎನ್ನುವಲ್ಲಿ ಕೂಡಬೇಕು. ಹಂಪೆಗೆ ಹೋಗಿ, ಹಿಂದಕ್ಕೂ ಬರುವವನಿಗೆ ಹೋಗುವಾಗ ಎರಡು, ಬರುವಾಗ ಎರಡು; ಅವನ ಯಾತ್ರೆಯ ವಿಧಗಳು ೨ × ೨ = ೪. ‘ಇದೂ ಅದೂ’ ಎನ್ನುವಲ್ಲಿ ಗುಣಿಸಬೇಕು. ಇನ್ನು ಒಂದು ಕುಟುಂಬದವರು ಹಂಪೆ, ಸಂಡೂರು, ಕಂಪ್ಲಿಗಳನ್ನು ಮೂರು ದಿನಗಳಲ್ಲಿ, ದಿನಕ್ಕೊಂದರಂತೆ ನೋಡಬೇಕೆಂದರೆ ಮೊದಲ ದಿನಕ್ಕೆ ಮೂರು ಆಯ್ಕೆ, ಎರಡನೆಯ ದಿನಕ್ಕೆ ಉಳಿದ ಎರಡು, ಮೂರನೆಯ ದಿನಕ್ಕೆ ಒಂದೇ: ೩ × ೨ × ೧ = ೬ ಕ್ರಮಗಳು. ಆದರೆ ಮನೆಗೆ ಮರಳಿದ ಮೇಲೆ ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಆರಕ್ಕೂ ಉತ್ತರ ಒಂದೇ. ಕ್ರಮವು ಮುಖ್ಯವಾದಾಗ ಒಂದು ಲೆಕ್ಕ, ಆಯ್ಕೆ ಮಾತ್ರ ಮುಖ್ಯವಾದಾಗ ಬೇರೊಂದು ಲೆಕ್ಕ. ನಮ್ಮ ಗಣಿತ ಪುಸ್ತಕಗಳು ಮೊದಲನೆಯದನ್ನು ಕ್ರಮಯೋಜನೆ ಎಂದೂ ಎರಡನೆಯದನ್ನು ವಿಕಲ್ಪ ಎಂದೂ ಕರೆಯುತ್ತವೆ. ಶಾಸ್ತ್ರದಲ್ಲಿ ಇದಕ್ಕೆ ಒದಗುವ ಮಾತು ‘ಭಂಗ’. ವ್ರತಭಂಗವೆಂದರೆ ವ್ರತ ಮುರಿಯುವುದೆಂದು ಮಾತ್ರ ತಿಳಿದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಇಲ್ಲಿ ಭಂಗವೆಂದರೆ ಪ್ರಕಾರ, ವಿಧ.

ಈ ಎರಡನೆಯ ಲೆಕ್ಕವು ನಮ್ಮ ತಪಸ್ಸಿಗೆ ಎಷ್ಟು ಹತ್ತಿರದ್ದೆಂಬುದಕ್ಕೆ ರಸಪರಿತ್ಯಾಗವೇ ಸಾಕ್ಷಿ. ಬಾಹ್ಯ ತಪಸ್ಸುಗಳು ಆರರಲ್ಲಿ ಅದೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರನ್ನು ಮೂಲಾಚಾರವು ಹೆಸರಿಸುತ್ತದೆ. ಇವುಗಳಲ್ಲಿ ಒಂದನ್ನು ಬಿಡುವ ವಿಧಗಳು ಆರು. ಎರಡನ್ನು ಬಿಡುವ ವಿಧಗಳೆಷ್ಟು? ಮೊದಲಿಗೆ ಆರರಲ್ಲಿ ಒಂದು, ಅನಂತರ ಉಳಿದ ಐದರಲ್ಲಿ ಒಂದು: ೬ × ೫ = ೩೦ ಎಂದು ತೋರುತ್ತದೆ. ಆದರೆ ಉಪ್ಪನ್ನೂ ತುಪ್ಪವನ್ನೂ ಬಿಟ್ಟವಳು, ತುಪ್ಪವನ್ನೂ ಉಪ್ಪನ್ನೂ ಬಿಟ್ಟವಳು ಇವರಿಬ್ಬರ ತಟ್ಟೆಯಲ್ಲಿ ವ್ಯತ್ಯಾಸವಿಲ್ಲ. ಪ್ರತಿಯೊಂದು ಜೋಡಿಯೂ ಎರಡೆರಡು ಬಾರಿ ಲೆಕ್ಕಕ್ಕೆ ಬಂದಿರುವುದರಿಂದ ಎರಡರಿಂದ ಭಾಗಿಸಬೇಕು. ನಿಜವಾದ ವಿಧಗಳು ೧೫. ದಿನಕ್ಕೊಂದು ರಸದಂತೆ ಆರು ದಿನ ಆರನ್ನೂ ಬಿಡುವ ನಿಯಮವಾದರೆ ಅಲ್ಲಿ ಯಾವ ದಿನಕ್ಕೆ ಯಾವುದು ಎಂಬ ಕ್ರಮವು ಲೆಕ್ಕಕ್ಕೆ ಬರುತ್ತದೆ; ಆಗ ವಿಧಗಳು ೬ × ೫ × ೪ × ೩ × ೨ × ೧ = ೭೨೦.

ಇದಕ್ಕೆ ಸಾಮಾನ್ಯ ನಿಯಮವನ್ನು ಹೇಳಿದ ಮೊದಲಿಗರಲ್ಲಿ ಒಬ್ಬರು ನಮ್ಮವರೇ ಆದ ಮಹಾವೀರಾಚಾರ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅವರು ರಚಿಸಿದ ಗಣಿತಸಾರಸಂಗ್ರಹವು ೧೯೧೨ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು. ಒಂದರಿಂದ ಆರಂಭಿಸಿ ಬೇಕಾದ ಸಂಖ್ಯೆಯವರೆಗೆ ಮೇಲಿನ ಸಾಲಿನಲ್ಲಿ ನೇರವಾಗಿಯೂ ಕೆಳಗಿನ ಸಾಲಿನಲ್ಲಿ ತಿರುವುಮುರುವಾಗಿಯೂ ಅಂಕಗಳನ್ನು ಬರೆಯಿರಿ. ಬಲದಿಂದ ಎಡಕ್ಕೆ ಮೇಲಿನವನ್ನು ಗುಣಿಸುತ್ತ, ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸುತ್ತ ಹೋಗಿರಿ ಎಂಬುದು ಅವರ ನಿಯಮದ ತಾತ್ಪರ್ಯ. ಆರಕ್ಕೆ ಅದನ್ನು ಅನ್ವಯಿಸಿದರೆ ೬, ೧೫, ೨೦, ೧೫, ೬, ೧ ಎಂದು ಬರುತ್ತದೆ, ಒಟ್ಟು ೬೩. ಆಚಾರ್ಯರು ಉದಾಹರಣೆಗೆ ಆರಿಸಿಕೊಂಡದ್ದೂ ರಸಗಳನ್ನೇ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿಗಳು ಬೆರೆತು ಎಷ್ಟು ವಿಧವಾಗುತ್ತವೆ ಎಂಬ ಪ್ರಶ್ನೆ. ಅಡುಗೆಯವನು ಈ ಲೆಕ್ಕವನ್ನು ಬೆರೆಸುವುದಕ್ಕಾಗಿ ಓದಬಹುದು, ವ್ರತಿಯು ಬಿಡುವುದಕ್ಕಾಗಿ ಓದಬಹುದು. ಸಂಖ್ಯೆ ಇಬ್ಬರಿಗೂ ಒಂದೇ.

ಅಜ್ಜಿಯವರ ಪ್ರಶ್ನೆಗೆ ಬರೋಣ. ಯಾವುದೇ ಪಾಪಕಾರ್ಯವೂ ಮೂರು ಬಗೆಯಾಗಿ ನಡೆಯುತ್ತದೆ: ತಾನೇ ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು. ಇವು ಕೃತ, ಕಾರಿತ, ಅನುಮತ. ಪ್ರತಿಯೊಂದಕ್ಕೂ ಸಾಧನಗಳು ಮೂರು: ಮನ, ವಚನ, ಕಾಯ. ಗುಣಾಕಾರದ ನಿಯಮದಿಂದ ೩ × ೩ = ೯ ಬಾಗಿಲುಗಳಾದವು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಒಂಬತ್ತನ್ನೂ ಮುಚ್ಚುವುದು ಔತ್ಸರ್ಗಿಕ ನಿವೃತ್ತಿ, ಎಂದರೆ ಮುಖ್ಯವಾದ ತ್ಯಾಗ ಎಂದು ಹೇಳಿ, ಆಪವಾದಿಕ ನಿವೃತ್ತಿಯು ನಾನಾ ರೂಪದ್ದು ಎನ್ನುತ್ತಾರೆ. ಅರೆತ್ಯಾಗವನ್ನು ಅವರು ತ್ಯಾಗವಲ್ಲವೆಂದು ತಳ್ಳಿಹಾಕಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದರ ಜೊತೆಗೆ, ‘ನಾನಾ ರೂಪ’ ಎಂದು ಹೇಳಿ ಕೈಬಿಡಲೂ ಇಲ್ಲ. ಸಮಯಸಾರದ ಮೇಲಿನ ಆತ್ಮಖ್ಯಾತಿ ವ್ಯಾಖ್ಯಾನದಲ್ಲಿ ಅವರೇ ಆ ರೂಪಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದ್ದಾರೆ. ಅವು ೪೯.

ಈ ೪೯ ಹೇಗೆ ಬಂದಿತು? ಸಪ್ತಭಂಗಿಯನ್ನು ಬಲ್ಲವರಿಗೆ ಇದು ಸುಲಭ. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರು ಮೂಲಭಂಗಗಳು. ಅವನ್ನು ಒಂದೊಂದಾಗಿ ಹಿಡಿದರೆ ಮೂರು, ಎರಡೆರಡಾಗಿ ಹಿಡಿದರೆ ಮೂರು, ಮೂರನ್ನೂ ಕೂಡಿಸಿದರೆ ಒಂದು, ಒಟ್ಟು ಏಳು. ಏಳೇ ಏಕೆ, ಎಂಟೇಕಲ್ಲ ಎಂಬ ಶಂಕೆಗೆ ಎಣಿಕೆಯೇ ಪರಿಹಾರ. ಹಾಗೆಯೇ ಕೃತ, ಕಾರಿತ, ಅನುಮತಗಳಲ್ಲಿ ಯಾವುದನ್ನು ಅಥವಾ ಯಾವುಯಾವುದನ್ನು ಬಿಡುತ್ತೇನೆ ಎಂಬುದಕ್ಕೆ ಏಳು ಆಯ್ಕೆ. ಮನ, ವಚನ, ಕಾಯಗಳಲ್ಲಿ ಯಾವುದರಿಂದ ಬಿಡುತ್ತೇನೆ ಎಂಬುದಕ್ಕೂ ಏಳು ಆಯ್ಕೆ. ‘ಇದೂ ಅದೂ’ ಆದ್ದರಿಂದ ೭ × ೭ = ೪೯. ಹಿಂದಿನದಕ್ಕೆ ಪ್ರತಿಕ್ರಮಣ, ಈಗಿನದಕ್ಕೆ ಆಲೋಚನಾ, ಮುಂದಿನದಕ್ಕೆ ಪ್ರತ್ಯಾಖ್ಯಾನ ಎಂದು ಮೂರು ಕಾಲಗಳಿಗೂ ಆಚಾರ್ಯರು ಇದನ್ನು ಬೇರೆಬೇರೆಯಾಗಿ ಬಿಡಿಸಿ ಹೇಳಿರುವುದರಿಂದ ಎಲ್ಲ ಸೇರಿ ೧೪೭ ವಾಕ್ಯಗಳಾಗುತ್ತವೆ. ಅವನ್ನು ನಿಧಾನವಾಗಿ ಓದಿಕೊಂಡು ಹೋಗುವುದೇ ಒಂದು ಸಾಮಾಯಿಕದಂತೆ ನನಗೆ ಕಂಡಿದೆ.

ಈ ಪಟ್ಟಿಯನ್ನು ಗುಂಪು ಮಾಡಿ ನೋಡಿದರೆ ಒಂದು ಸ್ವಾರಸ್ಯ ಗೋಚರಿಸುತ್ತದೆ. ಮೂರನ್ನೂ ಮೂರರಿಂದಲೂ ಬಿಡುವ ಭಂಗ ಒಂದೇ ಒಂದು. ಎರಡನ್ನು ಎರಡರಿಂದ ಬಿಡುವ ಭಂಗಗಳು ಒಂಬತ್ತು. ಒಂದನ್ನು ಒಂದರಿಂದ ಬಿಡುವವೂ ಒಂಬತ್ತು. ಪೂರ್ಣತ್ಯಾಗಕ್ಕೆ ರೂಪ ಒಂದೇ. ಅಪೂರ್ಣತೆಗೆ ಮಾತ್ರ ನಲವತ್ತೆಂಟು ರೂಪಗಳು. ಆದುದರಿಂದ ಸಂಖ್ಯೆಯ ಹೆಚ್ಚಳವನ್ನು ತ್ಯಾಗದ ಹೆಚ್ಚಳವೆಂದು ಭ್ರಮಿಸಬಾರದು. ಪರೀಕ್ಷೆಯಲ್ಲಿ ೪೯ಕ್ಕೆ ಇಷ್ಟು ಅಂಕ ಎಂಬಂತೆ ಇದನ್ನು ಹೇಳಿಕೊಡುವವರನ್ನು ನಾನು ಕಂಡಿದ್ದೇನೆ, ಅದು ತಪ್ಪು. ಎಣಿಕೆಯು ವಿಧಗಳನ್ನು ಹೇಳುತ್ತದೆ, ತೂಕವನ್ನು ಹೇಳುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ನನಗೆ ಅತ್ಯಂತ ಮುಖ್ಯವೆಂದು ತೋರಿದ್ದು ಅದೇ. ಒಂಬತ್ತು ಬಾಗಿಲುಗಳಿದ್ದು, ಪ್ರತಿಯೊಂದನ್ನೂ ನಮ್ಮ ಇಷ್ಟದಂತೆ ಮುಚ್ಚಬಹುದು ಅಥವಾ ತೆರೆದಿಡಬಹುದು ಎಂದಾದರೆ ವಿಧಗಳು ನಲವತ್ತೊಂಬತ್ತೇ ಆಗುವುದಿಲ್ಲ. ಒಂದೊಂದು ಬಾಗಿಲಿಗೂ ಎರಡು ಸ್ಥಿತಿ. ಎರಡನ್ನು ಒಂಬತ್ತು ಬಾರಿ ಗುಣಿಸಿದರೆ ೫೧೨. ಎಲ್ಲವೂ ತೆರೆದಿರುವ ಒಂದನ್ನು, ಅದು ವ್ರತವೇ ಅಲ್ಲವಾದ್ದರಿಂದ, ಕಳೆದರೆ ೫೧೧. ಆಚಾರ್ಯರು ೫೧೧ನ್ನು ಹೇಳದೆ ೪೯ಕ್ಕೇ ನಿಂತರು. ಅಜ್ಜಿಯವರ ಚತುರ್ದಶಿಯನ್ನೇ ಇಟ್ಟು ನೋಡೋಣ. ಅವರು ಕಾಯದಿಂದ ಆರಂಭವನ್ನು ಮಾಡಲಿಲ್ಲ. ಕಾಯದಿಂದ, ಎಂದರೆ ಕೈಸನ್ನೆಯಿಂದ, ಮಾಡಿಸಲೂ ಇಲ್ಲ. ವಚನದಿಂದ ಮಾತ್ರ ಮಾಡಿಸಿದರು. ‘ಮಾಡುವುದನ್ನು ವಚನ ಕಾಯಗಳೆರಡರಿಂದಲೂ ಬಿಟ್ಟಿದ್ದೇನೆ, ಮಾಡಿಸುವುದನ್ನು ಕಾಯದಿಂದ ಮಾತ್ರ ಬಿಟ್ಟಿದ್ದೇನೆ’ ಎಂದು ಅವರು ಹೇಳಬಹುದಾಗಿತ್ತು. ಇದು ಮೂರು ಬಾಗಿಲುಗಳನ್ನು ಮುಚ್ಚಿದಂತಾಯಿತು. ೫೧೧ರಲ್ಲಿ ಇದಕ್ಕೆ ಸ್ಥಾನವಿದೆ. ೪೯ರಲ್ಲಿ ಇಲ್ಲ. ಏಕೆಂದರೆ ಅಲ್ಲಿ ಯಾವ ಕರಣಗಳನ್ನು ಬಿಟ್ಟೆವೋ ಅವೆಲ್ಲವನ್ನೂ ಹೆಸರಿಸಿದ ಎಲ್ಲ ಯೋಗಗಳಿಂದಲೂ ಬಿಡಲೇಬೇಕು. ಕೃತ ಕಾರಿತಗಳೆರಡನ್ನೂ ವಚನ ಕಾಯಗಳೆರಡರಿಂದ ಬಿಡುವೆನೆಂದರೆ ನಾಲ್ಕು ಬಾಗಿಲುಗಳೂ ಸಮನಾಗಿ ಮುಚ್ಚಬೇಕು. ಒಂದು ಮೂಲೆಯನ್ನು ಮಾತ್ರ ಸದ್ದಿಲ್ಲದೆ ತೆರೆದಿಡುವಂತಿಲ್ಲ.

ಆಚಾರ್ಯರು ಏಕೆ ಹೀಗೆ ಮಾಡಿದರೆಂದು ಅವರು ವಿವರಿಸಿಲ್ಲ. ಆದುದರಿಂದ ಮುಂದಿನದು ನನ್ನ ಅಲ್ಪಮತಿಯ ಅಭಿಪ್ರಾಯ. ವ್ರತವನ್ನು ಗುರುಗಳ ಮುಂದೆ ಒಂದೇ ಉಸಿರಿನಲ್ಲಿ ಹೇಳಲು ಬರಬೇಕು. ಇದನ್ನು ಇದರಿಂದ ಬಿಟ್ಟೆನು ಎಂಬ ಮಾತು ಒಂದು ವಾಕ್ಯದಲ್ಲಿ ಮುಗಿಯಬೇಕು. ೪೯ರಲ್ಲಿ ಪ್ರತಿಯೊಂದನ್ನೂ ಹಾಗೆ ಹೇಳಬಹುದು. ಉಳಿದ ೪೬೨ರಲ್ಲಿ ಯಾವುದನ್ನು ಹೇಳಹೊರಟರೂ ‘ಆದರೆ’, ‘ಹೊರತು’, ‘ಮಾತ್ರ’ ಎಂಬ ಮಾತುಗಳು ನುಸುಳುತ್ತವೆ; ಅದು ವ್ರತದ ಭಾಷೆಯಾಗದೆ ಕರಾರುಪತ್ರದ ಭಾಷೆಯಾಗುತ್ತದೆ. ಅರೆತ್ಯಾಗಕ್ಕೂ ನೆಪಕ್ಕೂ ನಡುವಿನ ಗೆರೆ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಸಣ್ಣ ವ್ರತವು ನೆಪವಲ್ಲ. ಒಂದನ್ನು ಒಂದರಿಂದ ಬಿಡುವ ಅತ್ಯಲ್ಪ ವ್ರತಕ್ಕೂ ಆಚಾರ್ಯರು ಹೆಸರು ಕೊಟ್ಟು ಸ್ಥಾನ ಕೊಟ್ಟಿದ್ದಾರೆ. ತೆರೆದಿಟ್ಟ ಮೂಲೆಯನ್ನು ಹೇಳದೆ ಇರುವುದೇ ನೆಪ.

ಎಣಿಕೆಯಲ್ಲಿ ನಾವು ನಮಗೇ ಅನುಕೂಲವಾಗುವಂತೆ ತಪ್ಪುವ ಇನ್ನೊಂದು ಬಗೆಯಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಎಂಟನೆಯ ಸೂತ್ರವು ಜೀವಾಧಿಕರಣವನ್ನು ಮೂರು, ಮೂರು, ಮೂರು, ನಾಲ್ಕು ಎಂದು ತಾನೇ ಎಣಿಸಿ ಹೇಳುತ್ತದೆ. ಸಂರಂಭವೆಂದರೆ ಮಾಡಬೇಕೆಂಬ ಪ್ರಯತ್ನಪೂರ್ವಕ ಸಂಕಲ್ಪ, ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು, ಆರಂಭವೆಂದರೆ ತೊಡಗುವುದು. (ಮದುವೆಯ ಸಮಾರಂಭ ಎಂದು ನಾವು ಇಂದು ಹೇಳುವಾಗ ಶಾಸ್ತ್ರಾರ್ಥವೂ ಅಷ್ಟೇನೂ ದೂರವಾಗಿಲ್ಲ!) ಈ ಮೂರು, ಯೋಗಗಳು ಮೂರು, ಕೃತಾದಿಗಳು ಮೂರು, ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳು ನಾಲ್ಕು: ೩ × ೩ × ೩ × ೪ = ೧೦೮. ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಹೇಳುವ ಅರ್ಥ ಇದೇ. ಅನಂತಾನುಬಂಧಿ ಮೊದಲಾದ ಒಳಭೇದಗಳಿಂದ ಕಷಾಯಗಳನ್ನು ಹದಿನಾರಾಗಿ ಹಿಡಿದರೆ ೪೩೨ ಆಗುತ್ತದೆ. ಮೂಲಾಚಾರದ ಹದಿನೆಂಟು ಸಾವಿರ ಶೀಲಗಳೂ ಹೀಗೆಯೇ ಮೂರು, ಮೂರು, ನಾಲ್ಕು, ಐದು, ಹತ್ತು, ಹತ್ತುಗಳ ಗುಣಲಬ್ಧ. ಅದರ ವಿಸ್ತಾರ ಇಲ್ಲಿ ಬೇಡ.

ಈಗ ಒಬ್ಬನು ಕಾಯದಿಂದ ಆಗುವುದೆಲ್ಲವನ್ನೂ ಬಿಟ್ಟನೆನ್ನೋಣ. ೧೦೮ರಲ್ಲಿ ೩೬ ಹೋದವು. ಅನುಮತಿಯನ್ನೂ ಬಿಟ್ಟನೆನ್ನೋಣ, ಅನುಮತಿಗೆ ಸೇರಿದವೂ ೩೬. ಹಾಗಾದರೆ ೭೨ ಹೋಗಿ ೩೬ ಉಳಿದವೇ? ಬಹಳ ಮಂದಿ ಹಾಗೆಯೇ ಲೆಕ್ಕ ಹಾಕುತ್ತಾರೆ. ಆದರೆ ಕಾಯದಿಂದ ಅನುಮತಿ ಕೊಡುವ ೧೨ ಭಂಗಗಳು ಎರಡು ಕಡೆಯಲ್ಲಿಯೂ ಸೇರಿವೆ. ಅವನ್ನು ಎರಡು ಬಾರಿ ಕಳೆದಂತಾಯಿತು. ಹೋದದ್ದು ೩೬ + ೩೬ – ೧೨ = ೬೦; ಉಳಿದದ್ದು ೪೮. ನೇರವಾಗಿ ಗುಣಿಸಿದರೂ ೩ × ೨ × ೨ × ೪ = ೪೮ ಎಂದೇ ಬರುತ್ತದೆ. ಒಂದೇ ತ್ಯಾಗವನ್ನು ಎರಡು ಹೆಸರಿನಿಂದ ಎರಡು ಬಾರಿ ಬರೆದುಕೊಳ್ಳುವ ಈ ತಪ್ಪು ಹುಡುಗರ ಗಣಿತದಲ್ಲಿ ಸಾಮಾನ್ಯ. ನಮ್ಮ ಪುಣ್ಯದ ಲೆಕ್ಕದಲ್ಲಿ ಅದಕ್ಕಿಂತಲೂ ಸಾಮಾನ್ಯ. ಚತುರ್ದಶಿಯೂ ಪರ್ವವೂ ಒಂದೇ ದಿನ ಬಿದ್ದಾಗ ಎರಡು ಉಪವಾಸಗಳಾದುವೆಂದು ಹೇಳಿಕೊಳ್ಳುವ ನಮ್ಮ ಉತ್ಸಾಹವನ್ನು ನೆನೆದುಕೊಳ್ಳಬಹುದು.

ಗುಣಾಕಾರಕ್ಕೆ ಸಂಕಲನಕ್ಕಿಲ್ಲದ ಒಂದು ಶಕ್ತಿಯೂ ಇದೆ. ಕೂಡುವ ಸಂಖ್ಯೆಗಳಲ್ಲಿ ಒಂದು ಸೊನ್ನೆಯಾದರೆ ಅದರ ಪಾಲು ಮಾತ್ರ ಹೋಗುತ್ತದೆ. ಗುಣಿಸುವ ಸಂಖ್ಯೆಗಳಲ್ಲಿ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಕ್ರೋಧವೊಂದನ್ನು ಗೆದ್ದರೆ ೧೦೮ರಲ್ಲಿ ೨೭ ಹೋಗಿ ೮೧ ಉಳಿಯುತ್ತವೆ. ನಾಲ್ಕೂ ಕಷಾಯಗಳು ಕ್ಷಯವಾದರೆ ೩ × ೩ × ೩ × ೦; ಮನ ವಚನ ಕಾಯಗಳ ಚಲನೆ ಇನ್ನೂ ಇರುವಾಗಲೇ ನೂರೆಂಟೂ ಇಲ್ಲವಾಗುತ್ತವೆ. ಕಷಾಯವಿಲ್ಲದ ಯೋಗದಿಂದ ಆಗುವುದು ಈರ್ಯಾಪಥ ಆಸ್ರವ ಮಾತ್ರ, ಸಾಂಪರಾಯಿಕವಲ್ಲ ಎಂದು ಅದೇ ಅಧ್ಯಾಯದ ನಾಲ್ಕನೆಯ ಸೂತ್ರವು ಸಾರುವುದೂ ಇದನ್ನೇ. ಅನ್ನವನ್ನು ಬಿಡುವುದು ಒಂದು ಅಂಶವನ್ನು ಕುಗ್ಗಿಸುವ ಕೆಲಸ. ಯಾವ ಅಂಶ ಸೊನ್ನೆಯಾಗಬೇಕೆಂದು ಅದು ನೆನಪಿಸದಿದ್ದರೆ ಉಪವಾಸವು ಲಂಘನವಾದೀತು.

ಹಾಗೆ ನೆನಪಿಸುವ ಒಂದು ಗಣಿತವು ಗೋಮ್ಮಟಸಾರದ ಜೀವಕಾಂಡದಲ್ಲಿ ಬರುತ್ತದೆ. ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ, ಪ್ರಣಯ ಎಂದು ಪ್ರಮಾದಗಳು ಹದಿನೈದು. ಅವುಗಳ ಭಂಗಗಳು ೪ × ೪ × ೫ × ೧ × ೧ = ೮೦. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಎಂಬತ್ತು ಎಂದು ಹೇಳಿ ಸುಮ್ಮನಾಗುವುದಿಲ್ಲ. ಭಂಗದ ಕ್ರಮಸಂಖ್ಯೆಯನ್ನು ಹೇಳಿದರೆ ಭಂಗವನ್ನು ಕಂಡುಹಿಡಿಯುವುದು ನಷ್ಟ. ಭಂಗವನ್ನು ಹೇಳಿದರೆ ಸಂಖ್ಯೆಯನ್ನು ಕಂಡುಹಿಡಿಯುವುದು ಉದ್ದಿಷ್ಟ. ಎರಡಕ್ಕೂ ವಿಧಾನ ಕೊಡುತ್ತಾರೆ. ಇಂದ್ರಿಯವು ಎಲ್ಲಕ್ಕಿಂತ ಬೇಗ ಬದಲಾಗುವಂತೆಯೂ, ಅನಂತರ ಕಷಾಯವೂ, ಕೊನೆಯಲ್ಲಿ ವಿಕಥೆಯೂ ಬದಲಾಗುವಂತೆಯೂ ಪಟ್ಟಿಯನ್ನು ಹರಡೋಣ. ಮೂವತ್ತೇಳನೆಯ ಭಂಗ ಯಾವುದು? ಮೂವತ್ತೇಳನ್ನು ಐದರಿಂದ ಭಾಗಿಸಿದರೆ ಭಾಗಲಬ್ಧ ಏಳು, ಶೇಷ ಎರಡು. ಎರಡನೆಯ ಇಂದ್ರಿಯ ರಸನೇಂದ್ರಿಯ. ಶೇಷ ಉಳಿದುದರಿಂದ ಏಳಕ್ಕೆ ಒಂದನ್ನು ಕೂಡಿಸಿ ಎಂಟು. ಅದನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಸೊನ್ನೆ, ಆದ್ದರಿಂದ ಕೊನೆಯ ಕಷಾಯವಾದ ಲೋಭ. ಶೇಷವಿಲ್ಲದ್ದರಿಂದ ಕೂಡಿಸುವುದೇನೂ ಇಲ್ಲ. ಭಾಗಲಬ್ಧ ಎರಡೇ ವಿಕಥೆಯ ಸ್ಥಾನ. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂಬ ಕ್ರಮದಲ್ಲಿ ಎರಡನೆಯದು ಭಕ್ತಕಥೆ, ಅಂದರೆ ಊಟದ ಮಾತು. ನಾಲಿಗೆಯ ವಶದಲ್ಲಿ, ಲೋಭದಿಂದ, ಆಹಾರದ ಕಥೆ ಹೇಳುತ್ತ ಕುಳಿತಿರುವುದೇ ಮೂವತ್ತೇಳನೆಯ ಪ್ರಮಾದ! ನಾಳಿನ ಪಾರಣೆಗೆ ಏನು ಮಾಡಿಸಬೇಕೆಂದು ಉಪವಾಸದ ಸಂಜೆ ನಾವು ನಡೆಸುವ ಸಮಾಲೋಚನೆಗೆ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಸಂಖ್ಯೆ ಕೊಡಲು ದಾರಿ ಮಾಡಿಟ್ಟಿದ್ದರು. ನಾನು ಎಷ್ಟು ಚತುರ್ದಶಿಗಳನ್ನು ಮೂವತ್ತೇಳರಲ್ಲಿಯೇ ಕಳೆದಿದ್ದೇನೆಂದು ಹೇಳಲು ನಾಚಿಕೆಯಾಗುತ್ತದೆ.

ಈ ಗೋಮ್ಮಟಸಾರಕ್ಕೆ ಕೇಶವವರ್ಣಿಗಳು ಶಕ ೧೨೮೧ರಲ್ಲಿ, ಎಂದರೆ ಕ್ರಿ.ಶ. ೧೩೫೯ರಲ್ಲಿ, ಕನ್ನಡದಲ್ಲಿ ವೃತ್ತಿ ಬರೆದರು. ಅದನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಟೀಕೆಯನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಭಾಷೆಯಲ್ಲಿ ವ್ಯಾಖ್ಯಾನ ಮಾಡಿದರು. ಕನ್ನಡದಲ್ಲಿ ಬಿಡಿಸಿದ ಲೆಕ್ಕವು ಹೀಗೆ ಉತ್ತರಕ್ಕೆ ಹೋಯಿತು. ಆ ವೃತ್ತಿ ಮುಗಿದ ಕಾಲು ಶತಮಾನದ ಮೇಲೆ, ಶಕ ೧೩೦೭ರಲ್ಲಿ, ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ವಿಜಯನಗರದಲ್ಲಿ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಜನರು ಗಾಣಗಿತ್ತಿ ದೇವಾಲಯವೆಂದು ಕರೆಯುವುದು ಅದನ್ನೇ. ಮುಂದಿನ ದೀಪಸ್ತಂಭದ ಮೇಲಿನ ಶಾಸನದಲ್ಲಿ ಗುರುಪರಂಪರೆಯ ಹೆಸರುಗಳು ಸಾಲಾಗಿ ಬರುತ್ತವೆ. ಕೇಶವವರ್ಣಿಗಳಿಗೆ ವೃತ್ತಿ ಬರೆಯಲು ಪ್ರೇರಣೆಯಿತ್ತ ಭಟ್ಟಾರಕರ ಹೆಸರಾದ ‘ಧರ್ಮಭೂಷಣ’ ಎಂಬುದೂ ಅದರಲ್ಲಿದೆ. ಆ ಪರಂಪರೆಯಲ್ಲಿ ಅದೇ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದುದರಿಂದ ಇಬ್ಬರನ್ನೂ ಒಬ್ಬರೆಂದು ಹೇಳುವ ಆತುರ ಬೇಡ. ಹಂಪೆಗೆ ಹೋದ ನಮ್ಮವರು ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡಿ ಹಿಂದಿರುಗುವ ಮುನ್ನ ಈ ಕಂಬದ ಮುಂದೆ ಐದು ನಿಮಿಷ ನಿಲ್ಲಬೇಕೆಂದು ಮಾತ್ರ ವಿನಂತಿ.

ಹೇಳದೆ ಬಿಡಲಾಗದ ಒಂದು ಮಾತು ಉಳಿದಿದೆ, ಅದು ಅನುಮತಿಯದು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರಂಭತ್ಯಾಗವು ಎಂಟನೆಯದು, ಅನುಮತಿತ್ಯಾಗವು ಹತ್ತನೆಯದು. ಕೈಯಿಂದ ಮಾಡುವುದನ್ನು ಬಿಟ್ಟು ಎರಡು ಮೆಟ್ಟಿಲು ಏರಿದ ಮೇಲೆಯೇ ಮೆಚ್ಚುವುದನ್ನು ಬಿಡಲು ಸಾಧ್ಯವೆಂದು ಇದರಿಂದ ತಿಳಿಯುತ್ತದೆ. ಒಂಬತ್ತು ಬಾಗಿಲುಗಳಲ್ಲಿ ಮನಸ್ಸಿನಿಂದ ಅನುಮೋದಿಸುವ ಬಾಗಿಲಿಗೆ ಶಬ್ದವಿಲ್ಲ, ಸಾಕ್ಷಿಯಿಲ್ಲ. ಈ ಸೀಮೆಯವರಿಗೆ ಇದನ್ನು ದೂರದ ಉದಾಹರಣೆಯಿಂದ ಹೇಳಬೇಕಾಗಿಲ್ಲ. ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಹಗಲಿರುಳು ಲಾರಿಗಳಲ್ಲಿ ಇಳಿದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಅಂದಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ನಿಬಂಧನೆಗಳೊಡನೆ ಅದು ಮರಳಿ ನಡೆಯಿತು. ಆ ವರ್ಷಗಳಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳವರು ಬೆಟ್ಟವನ್ನು ಅಗೆಯಲಿಲ್ಲ, ಅಗೆಯಿರೆಂದು ಯಾರಿಗೂ ಹೇಳಲಿಲ್ಲ. ಕೃತವಿಲ್ಲ, ಕಾರಿತವಿಲ್ಲ, ಒಂಬತ್ತರಲ್ಲಿ ಆರು ಬಾಗಿಲುಗಳು ಭದ್ರವಾಗಿ ಮುಚ್ಚಿದ್ದವು. ಆದರೆ ಅದಿರಿನ ಬೆಲೆ ಏರಿತೆಂದು ಕೇಳಿದಾಗ, ಊರಿನಲ್ಲಿ ಹಣ ಓಡಾಡಿ ಅಂಗಡಿಗೆ ಗಿರಾಕಿ ಹೆಚ್ಚಿದಾಗ, ‘ಹೀಗೆಯೇ ನಡೆಯಲಿ’ ಎಂದು ಮನಸ್ಸು ಹಿಗ್ಗಲಿಲ್ಲವೇ? ನನ್ನ ಮನಸ್ಸು ಹಿಗ್ಗಿತ್ತು. ಕೋರ್ಟಿನ ಆಜ್ಞೆ ಬಂದ ವಾರ ನಾನು ಚತುರ್ದಶಿಯ ಉಪವಾಸವನ್ನೂ ಮಾಡಿದೆ, ವ್ಯಾಪಾರ ಕುಗ್ಗೀತೆಂದು ಮರುಗಿದೆ ಕೂಡ. ಪೃಥ್ವೀಕಾಯದ ಜೀವಗಳಿಗಾಗಿ ಮರುಗಿದೆನೆಂದು ಹೇಳಿದರೆ ಸುಳ್ಳಾದೀತು.

ಆರು ಬಾಗಿಲು ಮುಚ್ಚಿದ್ದು ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಕೃತ ಕಾರಿತಗಳನ್ನು ಮೂರು ಯೋಗಗಳಿಂದ ಬಿಡುವುದು ನಲವತ್ತೊಂಬತ್ತರಲ್ಲಿ ಹೆಸರಿರುವ ಭಂಗ. ಅದು ನಿಜವಾದ ವ್ರತವೇ. ಒಂಬತ್ತನ್ನೂ ಮುಚ್ಚಿದೆನೆಂದು ಭಾವಿಸಿದ್ದೇ ನನ್ನ ತಪ್ಪು. ಎಣಿಸಿದ್ದರೆ ಗೊತ್ತಾಗುತ್ತಿತ್ತು, ನಾನು ಎಣಿಸಿರಲಿಲ್ಲ.

ಮುಂದಿನ ಚತುರ್ದಶಿಗೆ ನಾನು ಮತ್ತೆ ಆ ಬಂಧುಗಳ ಮನೆಯಲ್ಲಿದ್ದೆ. ಹಿಂದಿನ ಸಂಜೆಯೇ ಅಜ್ಜಿಯವರು ಬಸದಿಯಿಂದ ಬಂದು, ‘ನಾಳೆ ಆರಂಭವನ್ನು ಮಾಡುವುದಿಲ್ಲ, ಮಾಡಿಸುವುದಿಲ್ಲ, ವಚನದಿಂದಲೂ ಕಾಯದಿಂದಲೂ’ ಎಂದು ನಿಯಮ ತೆಗೆದುಕೊಂಡೆನೆಂದರು. ಮರುದಿನ ಸೊಸೆಯವರು ತಮಗೆ ತೋಚಿದ್ದನ್ನು ಮಾಡಿದರು; ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಮಾತನಾಡಲಿಲ್ಲ. ಊಟವಾದ ಮೇಲೆ ಮೊಮ್ಮಗಳು ಬೆರಳು ಮಡಿಸುತ್ತ, ‘ಅಜ್ಜಿ, ನಾಲ್ಕು ಮುಚ್ಚಿದೆ. ಇನ್ನೂ ಐದು ಉಳಿಯಿತು’ ಎಂದಳು.

‘ಬಲ್ಲೆ’ ಎಂದರು ಅಜ್ಜಿ. ‘ಮೆಚ್ಚುವವು ಮೂರು, ಮನಸ್ಸಿನವು ಇನ್ನೆರಡು. ನೀನು ಎರಡನೆಯ ಸಲ ಅನ್ನ ಬಡಿಸಿಕೊಂಡಾಗ ಒಂದು ತೆರೆದೇ ಇತ್ತು.’